ಮಾತು ನೆಟ್ಟಗಿತ್ತು, ನಡಿಗೆ ನೆಟ್ಟಗಿತ್ತು. ಹಾಗಿದ್ರೆ ಅಪಘಾತ ಆಗಿದ್ದು ಕುಡಿದದ್ದಕ್ಕಾ?

ಹಿಂದಿನಸೀಟು:

ಇದನ್ನ ಎಲ್ಲಿ ಕೇಳಬೇಕೋ ತಿಳಿಯದೆ ಇಲ್ಲಿ ಬರೀತಿದೀನಿ. ಉದ್ದ ಆಗುತ್ತೆ. ಬಲಗಡೆ ಕಾಲರ್ ಮೂಳೆ ಮುರಿದಿದೆ, ಎಡಗೈಲಿ ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಾವು ಮೂವರು ಇಪ್ಪತ್ತು ವರ್ಷದಿಂದ ಸ್ನೇಹಿತರು. ಹೆಸರು ಬೇಡ. ಗಾಡಿ ಓಡಿಸಿದವನು ಕಾಲೇಜ್ ತಂಡದಲ್ಲಿ ನಮ್ಮ ಕ್ಯಾಪ್ಟನ್ ಆಗಿದ್ದವನು, ಈಗಲೂ ಹಾಗೇ ಕರೀತೀವಿ. ಅವನ ಪಕ್ಕ ಕೂತಿದ್ದವನು ಲಂಬು, ಆರಡಿ ಎರಡಿಂಚು. ನಾನು ಹಿಂದೆ, ಕ್ಯಾಪ್ಟನ್ ಬೆನ್ನಿಗೆ.

ಐದು ವಾರದ ಹಿಂದೆ ರಾತ್ರಿ ಎಂಟೂಕಾಲಿಗೆ ಕೂತೆವು, ಹನ್ನೊಂದೂವರೆಗೆ ಎದ್ದೆವು. ನಾನು ಮಾತ್ರೆ ತಗೊಳ್ಳೋದ್ರಿಂದ ಕುಡಿಯಲ್ಲ. ಆದ್ರೆ ನನಗೆ ಕಾರ್ ಓಡಿಸೋಕೆ ಬರಲ್ಲ. ಲಂಬು ಚೆನ್ನಾಗೇ ಕುಡಿದಿದ್ದ, ಅದನ್ನ ಅವನೇ ಹೇಳ್ಕೊಂಡು ನಗ್ತಿದ್ದ. ಕ್ಯಾಪ್ಟನ್ "ನಂದು ಎರಡೇ ಪೆಗ್ಗು" ಅಂದ. ಕೀ ಅವನ ಕೈಲಿತ್ತು.

ನಾನು ಸುಮ್ಮನೆ ಹತ್ತಲಿಲ್ಲ. ಅವನ ಮುಖ ನೋಡಿದೆ. ಮಾತು ತೊದಲ್ತಿರಲಿಲ್ಲ, ಕಾಲು ತಡವರಿಸ್ತಿರಲಿಲ್ಲ. ಹಿಂದೆ ಮುಂದೆ ಒಂದೊಂದು ಗೇಣು ಜಾಗ ಬಿಟ್ಟು ಯಾರೋ ಗಾಡಿ ನಿಲ್ಲಿಸಿದ್ರು. ಅದರ ಮಧ್ಯದಿಂದ ಕಾರನ್ನ ಎಲ್ಲೂ ತಾಗಿಸದೆ ಹೊರಗೆ ತೆಗೆದ. ಅದನ್ನ ನೋಡಿದ ಮೇಲೆ ನನಗೆ ಧೈರ್ಯ ಬಂತು. ಈ ಮಾತನ್ನ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಇಪ್ಪತ್ತು ನಿಮಿಷ ಆಗಿತ್ತು. ನೇರ ರಸ್ತೆ, ಕತ್ತಲೆ, ಗಾಡಿ 80ರಲ್ಲಿತ್ತು. ಲಂಬು ಏನೋ ಹೇಳಿದ, ಕ್ಯಾಪ್ಟನ್ ನಗ್ತಾ ಅವನ ಕಡೆ ಒಂದು ಕ್ಷಣ ತಿರುಗಿದ. ಒಂದು ಲಾರಿ ಅರ್ಧ ರಸ್ತೆ ಮೇಲೆ, ಅರ್ಧ ಮಣ್ಣಲ್ಲಿ ನಿಂತಿತ್ತು. ಹಿಂದಿನ ಲೈಟ್ ಇರಲಿಲ್ಲ. ಕ್ಯಾಪ್ಟನ್ ಸ್ಟೇರಿಂಗ್ ಬಲಕ್ಕೆ ಎಳೆದ. ನಮ್ಮ ಎಡಗಡೆ ಅರ್ಧ ಲಾರಿ ಕೆಳಗೆ ನುಗ್ಗಿತು. ಲಂಬು ಅಲ್ಲೇ ಹೋದ. ಕ್ಯಾಪ್ಟನ್‌ಗೆ ಎರಡು ಪಕ್ಕೆಲುಬು. ನಾನು ಬೆಲ್ಟ್ ಹಾಕಿದ್ದೆ, ಮೂಳೆ ಮುರಿದದ್ದು ಆ ಬೆಲ್ಟಿಗೇ.

ಕ್ಯಾಪ್ಟನ್ ರಕ್ತ ತೆಗೆದದ್ದು ರಾತ್ರಿ 1:50ಕ್ಕೆ. ರಿಪೋರ್ಟ್ ಬಂದಿದೆ, 100 ಮಿಲಿಲೀಟರ್‌ಗೆ 78 ಮಿಲಿಗ್ರಾಂ. ಇದು ಎರಡು ಪೆಗ್ಗಿಗೆ ಬರೋ ಸಂಖ್ಯೆನಾ? ಲೈಟಿಲ್ಲದ ಲಾರಿಗೆ ಕುಡಿಯದೆ ಇರೋನು ಗುದ್ದಿರ್ತಿದ್ನೋ ಇಲ್ವೋ? ಇನ್ನೊಂದಿದೆ, ಅದೇ ನನಗೆ ನಿದ್ದೆ ಕೊಡ್ತಿಲ್ಲ. ಅಷ್ಟು ನೋಡಿಯೂ ನನಗೆ ಯಾಕೆ ಗೊತ್ತಾಗಲಿಲ್ಲ?

---

ಬೂದುಮುಚ್ಚಳ:

ಸ್ನೇಹಿತರನ್ನ ಕಳ್ಕೊಂಡಿದೀರಿ, ಮೊದಲು ಅದಕ್ಕೆ ನನ್ನ ಸಂತಾಪ.

ನಾನು ಹತ್ತೊಂಬತ್ತು ವರ್ಷ ರಕ್ತದಲ್ಲಿ ಆಲ್ಕೋಹಾಲ್ ಅಳೆಯೋ ಲ್ಯಾಬಲ್ಲಿ ಕೆಲಸ ಮಾಡಿದವನು. ನನ್ನ ಹೆಸರು ಆ ರಕ್ತ ತುಂಬೋ ಟ್ಯೂಬಿನ ಮುಚ್ಚಳದ ಬಣ್ಣ. ಅದರೊಳಗೆ ಸೋಡಿಯಂ ಫ್ಲೋರೈಡ್ ಇರುತ್ತೆ. ಇಲ್ಲದಿದ್ರೆ ಸೂಕ್ಷ್ಮಜೀವಿಗಳು ರಕ್ತದ ಸಕ್ಕರೆಯನ್ನೇ ಹುಳಿ ಬರಿಸಿ ಹೊಸದಾಗಿ ಆಲ್ಕೋಹಾಲ್ ಹುಟ್ಟಿಸಬಹುದು. ಸೂಜಿ ಚುಚ್ಚೋ ಮುಂಚೆ ಚರ್ಮ ಒರೆಸೋಕೂ ಸ್ಪಿರಿಟ್ ಬಳಸಬಾರದು. ಟ್ಯೂಬ್ ಯಾವುದು, ಒರೆಸಿದ್ದು ಯಾವುದರಲ್ಲಿ, ಸೀಲ್ ಹಾಕಿದ್ದು ಎಷ್ಟು ಹೊತ್ತಿಗೆ ಅನ್ನೋದು ದಾಖಲೆಯಲ್ಲಿರಬೇಕು. ನಿಮ್ಮ ಕ್ಯಾಪ್ಟನ್ ಪರ ವಕೀಲರು ಮೊದಲು ಕೆದಕೋದು ಅಲ್ಲೇ, ಕೆದಕಲೂಬೇಕು. ಅದೆಲ್ಲ ಸರಿಯಿದೆ ಅಂತಿಟ್ಟುಕೊಂಡು ಮುಂದೆ ಹೇಳ್ತೀನಿ.

ಒಂದು ದೊಡ್ಡ ಪೆಗ್, ಅಂದ್ರೆ ಶೇ. 40ರ ಮದ್ಯ 60 ಮಿಲಿಲೀಟರ್, ಅದರಲ್ಲಿರೋದು ಹತ್ತಿರತ್ತಿರ 19 ಗ್ರಾಂ ಶುದ್ಧ ಆಲ್ಕೋಹಾಲ್. 70 ಕಿಲೋ ತೂಕದ ಗಂಡಸಿನ ಮೈಯಲ್ಲಿ ಅದು ಪೂರ್ತಿ ಹರಡಿದ್ರೆ ರಕ್ತದ ಮಟ್ಟ ಸುಮಾರು 40 ಏರುತ್ತೆ. ಲೆಕ್ಕದ ಸೂತ್ರ ಸ್ವೀಡನ್ನಿನ ವಿಡ್‌ಮಾರ್ಕ್ ಅನ್ನೋರದ್ದು, 1932ರಲ್ಲಿ ಪ್ರಕಟವಾದದ್ದು, ಈಗಲೂ ಕೋರ್ಟಲ್ಲಿ ನಡೆಯುತ್ತೆ. ಇಳಿಯೋದು ಲಿವರ್ ಮೂಲಕ, ಗಂಟೆಗೆ ಸರಾಸರಿ 15. ಕೆಲವರಿಗೆ 10, ಕೆಲವರಿಗೆ 20. ಕಾಫಿ ಕುಡಿಸಿ, ತಣ್ಣೀರು ಸುರೀರಿ, ವಾಂತಿ ಮಾಡಿಸಿ, ರಕ್ತಕ್ಕೆ ಸೇರಿದ್ದು ಅದರ ಪಾಡಿಗೆ ಅದೇ ಗತಿಯಲ್ಲಿ ಇಳಿಯುತ್ತೆ. ಲಿವರ್‌ಗೆ ಅವಸರ ಅನ್ನೋದು ಗೊತ್ತಿಲ್ಲ.

ಈಗ ನಿಮ್ಮ ಕ್ಯಾಪ್ಟನ್ ತೂಕ 70ರ ಆಸುಪಾಸು ಅಂತಿಟ್ಕೊಳ್ಳಿ. ಎರಡು ದೊಡ್ಡ ಪೆಗ್ ಆದ್ರೆ 80 ಏರಬೇಕು. ಎಂಟೂಕಾಲಿನಿಂದ 1:50ರವರೆಗೆ ಐದು ಗಂಟೆ ಮೂವತ್ತೈದು ನಿಮಿಷ, ಗಂಟೆಗೆ 15ರಂತೆ ಅಷ್ಟರಲ್ಲಿ ಸುಮಾರು 84 ಇಳಿದಿರಬೇಕು. ಅಂದ್ರೆ ಎರಡೇ ಪೆಗ್ ಹಾಕಿದವನ ಸ್ಯಾಂಪಲ್ ಆ ಹೊತ್ತಿಗೆ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕಿತ್ತು. 78 ಅಲ್ಲ.

ನಾಲ್ಕು ಅಂತ ಹಾಕಿ ನೋಡಿ: 160ರಿಂದ 84 ಕಳೀರಿ, 76. ನಾನು ಅಲ್ಲಿರಲಿಲ್ಲ, ಎಣಿಸಿಲ್ಲ. ಅಂಕಿ ಹೇಳೋದು ಇಷ್ಟು.

ರಿಪೋರ್ಟಿನ 78 ಆಸ್ಪತ್ರೆ ಹೊತ್ತಿನದ್ದು, ಡಿಕ್ಕಿ ಹೊತ್ತಿನದ್ದಲ್ಲ. ನಡುವೆ ಎರಡು ಗಂಟೆ ಇದೆ. ಹಿಂದಕ್ಕೆ ಎಣಿಸಿದ್ರೆ 98ರಿಂದ 118ರ ಒಳಗೆ ಎಲ್ಲೋ ಇತ್ತು ಅಂತಾಗುತ್ತೆ. ಆದ್ರೆ ಈ ಹಿಂದಿನ ಲೆಕ್ಕಕ್ಕೆ ಒಂದು ಷರತ್ತಿದೆ, ಹೊಟ್ಟೆಯಲ್ಲಿದ್ದದ್ದು ಅಷ್ಟರಲ್ಲಿ ರಕ್ತಕ್ಕೆ ಇಳಿದಿರಬೇಕು. ಅದಕ್ಕೇ ಕೇಳ್ತೀನಿ, ಅವರು ಕೊನೇ ಪೆಗ್ ಕುಡಿದದ್ದು ಯಾವಾಗ?

---

ಹಿಂದಿನಸೀಟು:

ತೂಕ 72.

ಕೊನೇದು ಹೊರಡೋ ಮುಂಚೆ. ಬಿಲ್ ಕೊಟ್ಟು ಎದ್ದು ನಿಂತಿದ್ದ. ಲಂಬು ಗ್ಲಾಸಲ್ಲಿ ಉಳಿದಿತ್ತೋ, ಬಾಟಲಿಯಲ್ಲಿ ಉಳಿದಿತ್ತೋ, "ವೇಸ್ಟ್ ಯಾಕೆ" ಅಂತ ನಿಂತುಕೊಂಡೇ ಎತ್ತಿದ. ಹನ್ನೊಂದೂ ಇಪ್ಪತ್ತೈದು ಇರಬಹುದು. ನೀವು ಕೇಳೋವರೆಗೆ ಅದನ್ನ ಲೆಕ್ಕಕ್ಕೇ ಹಿಡಿದಿರಲಿಲ್ಲ ಸರ್ ನಾನು. ಕೂತು ಕುಡಿದದ್ದು ಮಾತ್ರ ಪೆಗ್ಗು ಅನ್ನೋ ಹಾಗೆ.

---

ಬೂದುಮುಚ್ಚಳ:

ಹಾಗಿದ್ರೆ ನಿಮ್ಮ ಮೂರನೇ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಕುಡಿದದ್ದು ರಕ್ತದಲ್ಲಿ ತುದಿ ಮುಟ್ಟೋಕೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುತ್ತೆ, ಹೊಟ್ಟೆ ತುಂಬಿದ್ರೆ ಇನ್ನೂ ನಿಧಾನ. ನೀವು ಅವರ ಮುಖ ನೋಡಿದಾಗ ಆ ಪೆಗ್ ಇನ್ನೂ ಹೊಟ್ಟೆಯಲ್ಲೇ ಇತ್ತು. ನೀವು ಪರೀಕ್ಷೆ ಮಾಡಿದ್ದು ಮೂರು ಪೆಗ್ಗಿನ ಮನುಷ್ಯನನ್ನ, ನಿಮ್ಮನ್ನ ಕರ್ಕೊಂಡು ಹೋದದ್ದು ಮೂರರಿಂದ ನಾಲ್ಕಕ್ಕೆ ಏರ್ತಿದ್ದ ಮನುಷ್ಯ. ಹಾಗಾಗಿ 98ರಿಂದ 118 ಅಂದೆನಲ್ಲ, ಡಿಕ್ಕಿ ಕ್ಷಣದಲ್ಲಿ ಅದಕ್ಕಿಂತ ಸ್ವಲ್ಪ ಕಮ್ಮಿಯೂ ಇದ್ದಿರಬಹುದು, ಏರೋ ದಾರಿಯಲ್ಲಿ. ಅವರ ಪರವಾಗಿ ಹೇಳಬಹುದಾದದ್ದು ಇದೊಂದೇ, ಅದಕ್ಕೇ ಹೇಳಿದೆ.

ಇನ್ನರ್ಧ ಉತ್ತರ ಆ ಗೇಣು ಜಾಗದ ವಿಚಾರ. ಗಾಡಿ ಹೊರಗೆ ತೆಗೆಯೋದು ಕೈಗೆ ಕೂತ ಕೆಲಸ. ಸಾವಿರ ಸಲ ಮಾಡಿರ್ತಾರೆ, ವೇಗ ಇಲ್ಲ, ಗಮನ ಒಂದೇ ಕಡೆ. ದಿನಾ ಕುಡಿಯೋರು ಮಾತು, ನಡಿಗೆ, ಸಹಿ ಎಲ್ಲವನ್ನೂ ಅಮಲಿನಲ್ಲೇ ನೆಟ್ಟಗೆ ಇಟ್ಟುಕೊಳ್ಳೋದನ್ನ ಕಲಿತಿರ್ತಾರೆ. ಆಲ್ಕೋಹಾಲ್ ಮೊದಲು ಕೆಡಿಸೋದು ಇವನ್ನಲ್ಲ. ಎರಡು ಕಡೆ ಒಟ್ಟಿಗೆ ಗಮನ ಇಡೋ ಶಕ್ತಿ ಹೋಗುತ್ತೆ, ಎದುರಿನ ಬೆಳಕು ಕಣ್ಣಿಗೆ ಹೊಡೆದ ಮೇಲೆ ನೋಟ ಮರಳೋದು ತಡವಾಗುತ್ತೆ, ಅಂಚಿನಲ್ಲಿರೋದು ಕಾಣೋದು ಕಮ್ಮಿಯಾಗುತ್ತೆ. ಅಪಾಯ ಎಷ್ಟಿದೆ ಅನ್ನೋ ಅಂದಾಜಂತೂ ಎಲ್ಲಕ್ಕಿಂತ ಮೊದಲೇ ಕೆಡುತ್ತೆ. ಪಕ್ಕದವನ ಜೋಕಿಗೆ ನಗ್ತಾ ಕತ್ತಲಲ್ಲಿ ಲೈಟಿಲ್ಲದ ಲಾರಿ ಹಿಡಿಯೋದು ಅಂದ್ರೆ ಇವೆಲ್ಲ ಒಟ್ಟಿಗೆ ಬೇಕಾಗೋ ಕೆಲಸ. ಪಾರ್ಕಿಂಗಲ್ಲಿ ನೀವು ಕೊಟ್ಟ ಪರೀಕ್ಷೆಯಲ್ಲಿ ಇದರ ಪ್ರಶ್ನೆಯೇ ಇರಲಿಲ್ಲ.

---

ನೇರಮಾತು:

ಎಲ್ರೂ ಕುಡಿದದ್ದನ್ನೇ ಹಿಡ್ಕೊಂಡಿದೀರಿ. ತಪ್ಪು ಲಾರಿಯವನದ್ದು. ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ, ಅರ್ಧ ರಸ್ತೆ ಮೇಲೆ ನಿಲ್ಲಿಸಿದಾನೆ. ಅಮೆರಿಕದಂಥ ದೇಶದಲ್ಲೇ ರಸ್ತೆ ಸಾವಲ್ಲಿ ಕುಡಿದು ಓಡಿಸಿದ ಪ್ರಕರಣ ನೂರಕ್ಕೆ 32 ಅಷ್ಟೆ. ಮಿಕ್ಕ 68 ಕುಡಿಯದವರ ಕೈಲಾದದ್ದು. ಹಾಗಾದ್ರೆ ಕುಡಿಯದೆ ಓಡಿಸೋದೇ ಹೆಚ್ಚು ಅಪಾಯ ಅನ್ನೋಣವಾ? ಕ್ಯಾಪ್ಟನ್‌ನ ಬಲಿ ಕೊಡಬೇಡಿ ಸ್ವಾಮಿ.

---

ಲೆಕ್ಕದಮೇಷ್ಟ್ರು:

ನೇರಮಾತು ಅವರ 32 ಸರಿಯಾದ ಅಂಕಿ, 2022ರದ್ದು. ಆ ವರ್ಷ ಅಲ್ಲಿ ಹೀಗೆ ಸತ್ತವರು 13,524. ಆದ್ರೆ ನನ್ನ ಒಂಬತ್ತನೇ ಕ್ಲಾಸಿನ ಹುಡುಗರು ಇಂಥ ವಾದ ತಂದ್ರೆ ಕೇಳೋ ಮೊದಲ ಪ್ರಶ್ನೆ: ಯಾವುದರಲ್ಲಿ ನೂರಕ್ಕೆ 32?

ರಸ್ತೆ ಮೇಲೆ ಇರೋ ಚಾಲಕರಲ್ಲಿ ಕುಡಿದವರು ಎಷ್ಟು ಜನ ಅನ್ನೋದು ಗೊತ್ತಿಲ್ಲದೆ ಆ 32ಕ್ಕೆ ಅರ್ಥವೇ ಇಲ್ಲ. ಅದೇ ಅಮೆರಿಕದಲ್ಲಿ 2013-14ರಲ್ಲಿ ವಾರಾಂತ್ಯದ ರಾತ್ರಿಗಳಲ್ಲಿ ರಸ್ತೆ ಬದಿ ನಿಂತು ಚಾಲಕರ ಉಸಿರು ಅಳೆದ್ರು. ವಾರಾಂತ್ಯ, ಅದೂ ರಾತ್ರಿ. ಆಗಲೂ 80 ಮಿಲಿಗ್ರಾಂ ಅಥವಾ ಹೆಚ್ಚು ಇದ್ದವರು ನೂರಕ್ಕೆ ಒಂದೂವರೆ. ಎರಡೂ ಒಂದೇ ಅಳತೆಪಟ್ಟಿಯವಲ್ಲ, ಭಾಗಿಸಿ ಉತ್ತರ ಬರೀಬೇಡಿ. ಆದ್ರೆ ನೂರು ಜನರಲ್ಲಿ ಒಬ್ಬಿಬ್ಬರು ಸಾವಿನ ಮೂರನೇ ಒಂದು ಪಾಲಿನ ಹತ್ತಿರ ಇದಾರೆ ಅಂದ್ರೆ, "ಮಿಕ್ಕ 68" ಅನ್ನೋ ಮಾತು ಎಷ್ಟು ಟೊಳ್ಳು ಅಂತ ಕಾಣುತ್ತಲ್ಲ.

ಸರಿಯಾದ ದಾರಿ ಅಂದ್ರೆ ಅಪಘಾತ ಮಾಡಿದವರನ್ನೂ, ಅದೇ ಜಾಗ ಅದೇ ಹೊತ್ತಲ್ಲಿ ಸುಮ್ಮನೆ ಹಾದು ಹೋದವರನ್ನೂ ಅಳೆದು ಹೋಲಿಸೋದು. ಉಸಿರಿಂದ ಅಳೆಯೋ ಬ್ರೆತಲೈಸರ್ ಅನ್ನ 1954ರಲ್ಲಿ ಮಾಡಿದ ಬಾರ್ಕೆನ್‌ಸ್ಟೈನ್ ಇದನ್ನ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಲ್ಲಿ ದೊಡ್ಡ ಮಟ್ಟದಲ್ಲಿ ಮಾಡಿಸಿದ್ರು, 1964ರಲ್ಲಿ ವರದಿ ಬಂತು. ಅದರಲ್ಲೊಂದು ತಮಾಷೆ ಇದೆ. ಸ್ವಲ್ಪವೇ ಸ್ವಲ್ಪ ಕುಡಿದವರು ಕುಡಿಯದವರಿಗಿಂತ ಕಮ್ಮಿ ಅಪಘಾತ ಮಾಡಿದ ಹಾಗೆ ಕಂಡಿತು! ಕುಡುಕರೆಲ್ಲ ಸಂಭ್ರಮಪಟ್ಟಿರಬೇಕು. ಆಮೇಲೆ ಬಿಡಿಸಿ ನೋಡಿದ್ರೆ, ಆ ಗುಂಪಲ್ಲಿ ಪಳಗಿದ ನಡುವಯಸ್ಸಿನವರು ಜಾಸ್ತಿ, ಸೊನ್ನೆ ಗುಂಪಲ್ಲಿ ಹೊಸಬರೂ ತೀರಾ ವಯಸ್ಸಾದವರೂ ಜಾಸ್ತಿ. ಒಂದೇ ಥರದವರನ್ನ ಒಂದೇ ಥರದವರ ಜೊತೆ ಇಟ್ರೆ ಆ ತಗ್ಗು ಮಾಯ. 2015ರಲ್ಲಿ ಬಂದ ವರ್ಜೀನಿಯಾ ಬೀಚ್ ಅಧ್ಯಯನದಲ್ಲೂ ಇದೇ ಪದ್ಧತಿ: 80ಕ್ಕೆ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು, 150ಕ್ಕೆ ಹನ್ನೆರಡು ಪಟ್ಟು. ಗೆರೆ ನೇರ ಏರಲ್ಲ, ಬಾಗಿ ಮೇಲಕ್ಕೆ ಚಿಮ್ಮುತ್ತೆ.

ಇನ್ನು ಲಾರಿ. ಲಾರಿಯವನ ತಪ್ಪು ದೊಡ್ಡದೇ, ಅದರಲ್ಲಿ ನನ್ನ ವಾದ ಇಲ್ಲ. ಆದ್ರೆ ಒಂದು ಸಾವಿಗೆ ಒಂದೇ ಕಾರಣ ಇರಬೇಕು ಅಂತ ಯಾರು ಹೇಳಿದ್ದು? 1988ರ ಮೇ 14ರ ರಾತ್ರಿ ಅಮೆರಿಕದ ಕ್ಯಾರಲ್‌ಟನ್ ಹತ್ತಿರ ಕುಡಿದ ಚಾಲಕನೊಬ್ಬ ಹೆದ್ದಾರಿಯಲ್ಲಿ ಎದುರು ದಿಕ್ಕಿಗೆ ಪಿಕಪ್ ಓಡಿಸಿ ಮಕ್ಕಳಿದ್ದ ಬಸ್ಸಿಗೆ ಗುದ್ದಿದ. 27 ಜನ ಸತ್ತರು. ಅವರು ಸತ್ತದ್ದು ಡಿಕ್ಕಿಯ ಏಟಿಗಲ್ಲ, ಬೆಂಕಿ ಮತ್ತು ಹೊಗೆಗೆ. ಬಸ್ಸಿನ ಇಂಧನ ಟ್ಯಾಂಕಿಗೆ ರಕ್ಷಣೆ ಇರಲಿಲ್ಲ, ಮುಂದಿನ ಬಾಗಿಲು ಮುಚ್ಚಿಹೋಗಿತ್ತು, ಹೊರಗೆ ಬರೋಕೆ ಉಳಿದದ್ದು ಹಿಂದಿನ ಇಕ್ಕಟ್ಟಿನ ದಾರಿ ಮಾತ್ರ. ಟ್ಯಾಂಕೂ ಕಾರಣ, ಬಾಗಿಲೂ ಕಾರಣ. ಅಷ್ಟಕ್ಕೆ ಆ ಚಾಲಕನ ರಕ್ತದಲ್ಲಿದ್ದ 240 ಮಿಲಿಗ್ರಾಂ ಕಾರಣ ಅಲ್ಲ ಅಂತಾಗುತ್ತಾ? ಬ್ರಿಟನ್ನಿನ ರಾಜಕುಮಾರಿ ಡಯಾನಾ ಕಾರ್ ಅಪಘಾತದ ಸಾವಿನಲ್ಲೂ 2008ರ ವಿಚಾರಣೆ ಕುಡಿದಿದ್ದ ಚಾಲಕನನ್ನೂ ಬೆನ್ನಟ್ಟಿದ ಗಾಡಿಗಳನ್ನೂ ಎರಡನ್ನೂ ಹೊಣೆ ಮಾಡಿತು, ಜೊತೆಗೆ ಹಾಕದ ಸೀಟ್ ಬೆಲ್ಟನ್ನೂ ಎತ್ತಿ ಹೇಳಿತು.

ಹಿಂದಿನಸೀಟು ಅವರೇ, ನಿಮ್ಮ ಎರಡನೇ ಪ್ರಶ್ನೆಗೆ ಬೋರ್ಡ್ ಮೇಲೆ ಉತ್ತರ. 80 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ 22 ಮೀಟರ್. ಲಾರಿ ಕಂಡು ಬ್ರೇಕ್ ಒತ್ತೋಕೆ ಒಂದು ಸೆಕೆಂಡ್ ಹಿಡಿದ್ರೆ 22 ಮೀಟರ್ ಹೋಯ್ತು. ಒಣ ರಸ್ತೆಯಲ್ಲಿ ಬ್ರೇಕ್ ಗಟ್ಟಿಯಾಗಿ ಹಿಡಿದ್ರೆ ನಿಲ್ಲೋಕೆ ಇನ್ನೂ 35. ಒಟ್ಟು 57 ಮೀಟರ್. ಅಂದ್ರೆ 57 ಮೀಟರ್ ದೂರದಲ್ಲಿ ಕಂಡಿದ್ರೆ ಬಂಪರ್ ಲಾರಿಗೆ ಮುತ್ತಿಟ್ಟು ನಿಲ್ಲುತ್ತೆ. ಅದೇ ದೂರದಲ್ಲಿ ಕಂಡು ಒಂದು ಸೆಕೆಂಡಿನ ಬದಲು ಒಂದೂವರೆ ಸೆಕೆಂಡ್ ತಗೊಂಡ್ರೆ? ಹನ್ನೊಂದು ಮೀಟರ್ ಕೈ ತಪ್ಪುತ್ತೆ. "ಹನ್ನೊಂದೇ ಮೀಟರ್ ತಾನೆ" ಅನ್ನಬೇಡಿ. ಬ್ರೇಕ್ ಹಿಡಿದಾಗ ವೇಗ ಬೇಗ ಕರಗೋದು ಕೊನೇ ಮೀಟರ್‌ಗಳಲ್ಲಿ, ಶಕ್ತಿ ವೇಗದ ವರ್ಗಕ್ಕೆ ತಕ್ಕ ಹಾಗಿರೋದ್ರಿಂದ. ಆ ಗಾಡಿ ಲಾರಿಗೆ ಬಡಿಯೋದು ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ. ಅರ್ಧ ಸೆಕೆಂಡಿನ ಬೆಲೆ ಸೊನ್ನೆಗೂ 45ಕ್ಕೂ ಇರೋ ವ್ಯತ್ಯಾಸ.

ನಿಮ್ಮ ರಾತ್ರಿ ಲಾರಿ ಎಷ್ಟು ದೂರದಲ್ಲಿ ಕಂಡಿತು ಅನ್ನೋದು ನಿಮಗೇ ಗೊತ್ತು. 30 ಮೀಟರಲ್ಲಿ ಕಂಡಿದ್ರೆ ಯಾರೂ ನಿಲ್ಲಿಸೋಕಾಗ್ತಿರಲಿಲ್ಲ, ಅದು ಲಾರಿಯವನ ಲೆಕ್ಕಕ್ಕೆ. ಆದ್ರೆ ಕತ್ತಲ ರಸ್ತೆಯಲ್ಲಿ 80 ಸಾಕೋ 60 ಸಾಕೋ ಅನ್ನೋ ತೀರ್ಮಾನ ಮಾಡಿದ ತಲೆಯಲ್ಲೂ ಆ ನೂರು ಮಿಲಿಗ್ರಾಂ ಇತ್ತು.

---

ನೇರಮಾತು:

ಮೇಷ್ಟ್ರೇ, ಆ 68ರ ವಿಚಾರ ಒಪ್ಪಿದೆ. ಲಾರಿ ವಿಚಾರ ಒಪ್ಪಲ್ಲ. ಇರಲಿ.

---

ರಾತ್ರಿಪಾಳಿ:

ಎಮರ್ಜೆನ್ಸಿ ವಾರ್ಡಲ್ಲಿ ನರ್ಸ್, ಹದಿನಾಲ್ಕು ವರ್ಷ. ಇದನ್ನ ಓದಿ ಸುಮ್ಮನಿರೋಕಾಗಲಿಲ್ಲ.

ಜನ ನನಗೆ ಹೇಳೋ ಒಂದು ಮಾತಿದೆ. "ಕುಡಿದವನಿಗೆ ಏನೂ ಆಗಲ್ಲ ಸಿಸ್ಟರ್, ಮೈ ಸಡಿಲ ಇರುತ್ತಲ್ಲ." ಕ್ಯಾಪ್ಟನ್ ಬದುಕಿದ್ದಕ್ಕೂ ಯಾರಾದ್ರೂ ನಿಮಗೆ ಹೀಗೇ ಅಂದಿರ್ತಾರೆ. ಅವರು ಬದುಕಿದ್ದು ಬಲಗಡೆ ಕೂತಿದ್ದಕ್ಕೆ. ಲಾರಿ ಕೆಳಗೆ ನುಗ್ಗಿದಾಗ ಕಾರಿನ ಬಾನೆಟ್, ಏರ್‌ಬ್ಯಾಗ್, ಬೆಲ್ಟ್ ಎಲ್ಲ ಕೆಳಗಿನ ಏಟಿಗೆ ಸಿದ್ಧವಾಗಿರ್ತವೆ, ಏಟು ಬರೋದು ಗಾಜಿನ ಮಟ್ಟದಲ್ಲಿ. ನಿಮ್ಮ ಲಂಬು ಎತ್ತರದವರು ಬೇರೆ. ಅವರು ಬೆಲ್ಟ್ ಹಾಕಿದ್ರೋ ಇಲ್ವೋ ಅಂತ ನಾನು ಕೇಳಲ್ಲ. ಅಂಥದ್ದರಲ್ಲಿ ಅದರಿಂದ ದೊಡ್ಡ ವ್ಯತ್ಯಾಸ ಆಗೋದು ಕಷ್ಟ.

ನಿಜವಾಗಿ ಕುಡಿದವರ ಗತಿ ಹೇಗಿರುತ್ತೆ ಗೊತ್ತಾ? ತಲೆಗೆ ಪೆಟ್ಟಾಗಿ ಒಳಗೆ ರಕ್ತ ಕಟ್ಟಿಕೊಳ್ತಿರುತ್ತೆ. ಅದರ ಗುರುತುಗಳು ಏನು? ತೊದಲು, ಮಂಪರು, ವಾಂತಿ, ಕೇಳಿದ್ದಕ್ಕೆ ಅಡ್ಡಾದಿಡ್ಡಿ ಉತ್ತರ. ಅಮಲಿನ ಗುರುತುಗಳೂ ಅವೇ. ಪ್ರಜ್ಞೆ ಎಷ್ಟಿದೆ ಅಂತ ನಾವು ಅಂಕ ಕೊಡ್ತೀವಿ, ಆ ಅಂಕ ಕಮ್ಮಿ ಬಂದಾಗ ಕುಡಿದದ್ದಕ್ಕಾ, ಮಿದುಳಿಗೆ ಪೆಟ್ಟಾಗಿದ್ದಕ್ಕಾ ಅಂತ ಬೇರ್ಪಡಿಸೋಕೆ ಸ್ಕ್ಯಾನ್ ಬೇಕು. ಜೊತೆಗೆ ಬಂದ ಸ್ನೇಹಿತರು "ಏನಿಲ್ಲ, ಕುಡಿದಿದಾನೆ, ಮಲಗಿದ್ರೆ ಸರಿಹೋಗ್ತಾನೆ" ಅಂತ ಮನೆಗೆ ಕರ್ಕೊಂಡು ಹೋಗೋಕೆ ನೋಡ್ತಾರೆ. ಒಬ್ಬ ಹುಡುಗನನ್ನ ಬಾಗಿಲಲ್ಲಿ ಅಡ್ಡ ನಿಂತು ವಾಪಸ್ ಕರ್ಕೊಂಡು ಬಂದಿದೀನಿ. ಇನ್ನೊಬ್ಬನ ಸಲ ನನ್ನ ಪಾಳಿ ಇರಲಿಲ್ಲ. ಹೊಟ್ಟೆ ತುಂಬ ಮದ್ಯ ಇರೋನಿಗೆ ಅರಿವಳಿಕೆ ಕೊಡೋದೂ ಭಯವೇ, ವಾಂತಿ ಶ್ವಾಸಕೋಶಕ್ಕೆ ಹೋಗುತ್ತೆ.

ಒಂದು ವಿಷಯ ಕೇಳಲಾ? ಇದನ್ನೆಲ್ಲ ಐದು ವಾರ ಆದ್ಮೇಲೆ ಯಾಕೆ ಕೇಳ್ತಿದೀರಿ? ಯಾರಾದ್ರೂ ನಿಮ್ಮ ಬಾಯಿಂದ ಏನನ್ನೋ ಹೇಳಿಸಬೇಕು ಅಂತ ಕಾಯ್ತಿದಾರಾ?

---

ಹಳೇಚಾಲಕ:

ನಾನು ಕ್ಯಾಪ್ಟನ್ ಜಾಗದಲ್ಲಿ ಕೂತಿದ್ದವನು. ಹನ್ನೆರಡು ವರ್ಷದ ಹಿಂದೆ. ಸೈಕಲ್‌ನಲ್ಲಿ ಹೋಗ್ತಿದ್ದವರು. ಜೈಲಾಯ್ತು, ಬಂದೆ. ಅದರ ಬಗ್ಗೆ ಇಷ್ಟು ಸಾಕು.

"ನಂಗೆ ಯಾಕೆ ಗೊತ್ತಾಗಲಿಲ್ಲ" ಅಂತ ಕೇಳಿದೀರಿ ತಮ್ಮಾ. ನನಗೇ ಗೊತ್ತಾಗ್ತಿರಲಿಲ್ಲ, ನಿಮಗೆ ಹೇಗೆ ಗೊತ್ತಾಗ್ಬೇಕು? ಆ ರಾತ್ರಿಗೆ ಮುಂಚೆ ನಾನು ಕುಡಿದು ಮನೆಗೆ ಮುಟ್ಟಿದ್ದು ಕಮ್ಮಿ ಅಂದ್ರೂ ಮುನ್ನೂರು ಸಲ. ಪ್ರತಿ ಸಲ ಗೇಟ್ ತೆಗೆದಾಗಲೂ "ನೋಡು, ಏನಾಯ್ತು? ಏನೂ ಇಲ್ಲ" ಅಂತ ನನಗೆ ನಾನೇ ಸರ್ಟಿಫಿಕೇಟ್ ಕೊಟ್ಕೋತಿದ್ದೆ. ಆ ಮುನ್ನೂರರಲ್ಲಿ ಎಷ್ಟು ಸಲ ಎದುರಿನವನು ತಪ್ಪಿಸಿಕೊಂಡದ್ದರಿಂದ ನಾನು ಉಳಿದೆನೋ. ಆ ಲೆಕ್ಕ ಅವರ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ.

ಹೆಂಡತಿ ಕೇಳ್ತಿದ್ಲು, "ಓಡಿಸೋಕಾಗುತ್ತಾ?" ನಾನು "ಆಗುತ್ತೆ" ಅಂತಿದ್ದೆ. ಸುಳ್ಳು ಹೇಳ್ತಿರಲಿಲ್ಲ ನಾನು, ನಿಜವಾಗಲೂ ಆಗುತ್ತೆ ಅಂತಲೇ ಅನ್ನಿಸ್ತಿತ್ತು. ಕುಡಿದ ತಲೆಯನ್ನೇ ಕೇಳಿದ್ರೆ ಇನ್ನೇನು ಹೇಳುತ್ತೆ. ಈಗ ನಮ್ಮ ಗುಂಪಲ್ಲಿ ಮೊದಲ ಗ್ಲಾಸ್ ತುಂಬೋ ಮುಂಚೆ ಎಲ್ಲರ ಕೀ ನಾನು ಇಸ್ಕೋತೀನಿ, ಆಗ ಯಾರೂ ಜಗಳ ಮಾಡಲ್ಲ. ಹನ್ನೊಂದೂವರೆಗೆ ಕೇಳಿದ್ರೆ ಹೊಡೆದಾಟ ಆಗುತ್ತೆ.

ಇನ್ನೊಂದು. ಒಂದ್ಸಲ ಮಧ್ಯರಾತ್ರಿವರೆಗೆ ಕುಡಿದು, ಆರು ಗಂಟೆ ಮಲಗಿ, ಸ್ನಾನ ಮಾಡಿ, ಬೆಳಗ್ಗೆ ಏಳಕ್ಕೆ ಕೆಲಸಕ್ಕೆ ಹೊರಟಾಗ ತಪಾಸಣೆಯಲ್ಲಿ ಸಿಕ್ಕಿಬಿದ್ದಿದ್ದೆ. ಮೆಷಿನ್ ಕೆಟ್ಟಿದೆ ಅಂತ ಕೂಗಾಡಿದ್ದೆ. ಬೂದುಮುಚ್ಚಳ ಸರ್ ಹೇಳಿದ ಗಂಟೆಗೆ 15ರ ಲೆಕ್ಕ ಓದಿದ್ಮೇಲೆ ಇವತ್ತು ಅರ್ಥ ಆಯ್ತು.

---

ಬೂದುಮುಚ್ಚಳ:

ಮಧ್ಯರಾತ್ರಿಗೆ 150 ಇದ್ರೆ ಬೆಳಗ್ಗೆ ಏಳಕ್ಕೆ 45 ಅಣ್ಣ. ಮೆಷಿನ್ ಚೆನ್ನಾಗೇ ಇತ್ತು. ಭಾರತದ ಮಿತಿ 30, ಸ್ವೀಡನ್ನಿನದು 20, ಯುರೋಪಿನ ಬಹಳ ಕಡೆ 50, ಇಂಗ್ಲೆಂಡಲ್ಲಿ 1967ರಿಂದ 80. ಒಬ್ಬನೇ ಮನುಷ್ಯ ಒಂದೇ ಬೆಳಗ್ಗೆ ಒಂದು ದೇಶದಲ್ಲಿ ಅಪರಾಧಿ, ಇನ್ನೊಂದರಲ್ಲಿ ಅಲ್ಲ. ಮಿತಿ ಅನ್ನೋದು ಕಾನೂನು ಎಳೆದ ಗೆರೆ. ಮಿದುಳಿನಲ್ಲಿ ಅಂಥ ಗೆರೆ ಇಲ್ಲ, 30ರ ಕೆಳಗೂ ಸ್ವಲ್ಪ ಮಂಕು ಶುರುವಾಗಿರುತ್ತೆ.

---

ಹಿಂದಿನಸೀಟು:

ರಾತ್ರಿಪಾಳಿ ಮೇಡಂ, ನೀವು ಸರಿಯಾಗಿ ಹಿಡಿದ್ರಿ.

ಕ್ಯಾಪ್ಟನ್ ಮನೆಯವರು ಬಂದಿದ್ರು. ಅವನ ಅಮ್ಮ ನನ್ನ ಕೈ ಹಿಡ್ಕೊಂಡು ಕೂತ್ರು. ಚಿಕ್ಕವನಿದ್ದಾಗಿಂದ ಆ ಮನೆಯಲ್ಲಿ ಉಂಡಿದೀನಿ. "ಎರಡೇ ಅಂತ ಹೇಳಪ್ಪ, ಅಷ್ಟೇ ಕೇಳೋದು" ಅಂದ್ರು. ಅವನೂ ಫೋನ್ ಮಾಡಿದ್ದ. ಅವನು ಏನೂ ಕೇಳಲಿಲ್ಲ. "ಲಂಬು ಏನು ಹೇಳ್ತಿದ್ದ ಆವಾಗ, ನೆನಪಿದೆಯಾ?" ಅಂತ ಮಾತ್ರ ಕೇಳಿದ. ನನಗೂ ನೆನಪಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಫೋನ್ ಹಿಡ್ಕೊಂಡಿದ್ವಿ.

ಲಂಬು ಹೆಂಡತಿ ಮೊನ್ನೆ ಬಂದ್ಲು. ಅವಳು ಕೇಳಿದ್ದೂ ಒಂದೇ, "ಅವ್ರು ಕುಡಿದಿದ್ರಾ ಅಣ್ಣ, ಓಡಿಸ್ತಿದ್ದೋರು?" ನಾನು "ರಿಪೋರ್ಟ್ ಬರಲಿ" ಅಂದೆ. ರಿಪೋರ್ಟ್ ಆಗಲೇ ಬಂದಿತ್ತು.

ಇಲ್ಲಿ ಬಂದು ಕೇಳಿದ್ದು, ನಿಜ ಹೇಳ್ಬೇಕಂದ್ರೆ, ಯಾರಾದ್ರೂ "78 ಅಂದ್ರೆ ಏನೂ ಅಲ್ಲ ಬಿಡಿ, ಎಲ್ಲ ಲಾರಿಯವನದ್ದೇ" ಅಂತ ಬರೀತಾರೇನೋ ಅಂತ. ನೇರಮಾತು ಸರ್ ಬರೆದಾಗ ಒಂದು ಗಳಿಗೆ ಹಗುರ ಆಯ್ತು. ಆಮೇಲೆ ಮೇಷ್ಟ್ರ 57 ಮೀಟರ್ ಓದಿದೆ.

ಮೇಷ್ಟ್ರೇ, ಲಾರಿ ಎಷ್ಟು ದೂರದಲ್ಲಿ ಕಂಡಿತು ಅಂತ ಕೇಳಿದ್ರಿ. ನಾನು ಮುಂದಿನ ಎರಡು ಸೀಟಿನ ನಡುವಿಂದ ಮುಂದೆ ನೋಡ್ತಿದ್ದೆ. ನನಗೆ ಕಂಡಿತ್ತು. ಕಪ್ಪಗೆ ಏನೋ ಇದೆ ಅನ್ನಿಸಿ, ಅವನಿಗೂ ಕಂಡಿರುತ್ತೆ ಅಂದ್ಕೊಂಡು, ಬಾಯಿ ತೆಗೀಬೇಕಾ ಬೇಡ್ವಾ ಅಂತ ಯೋಚನೆ ಮಾಡೋಷ್ಟು ಹೊತ್ತು ಇತ್ತು. ಓಡಿಸೋಕೆ ಬರದವನು ಓಡಿಸೋನಿಗೆ ಏನು ಹೇಳೋದು ಅಂತ.

ನಾಳೆ ಬೆಳಗ್ಗೆ ಹನ್ನೊಂದಕ್ಕೆ ಹೇಳಿಕೆ ಕೊಡೋಕೆ ಹೋಗ್ಬೇಕು. ನಾಲ್ಕು ಅಂತ ಬರೆಸ್ತೀನಿ. ಕೊನೇದು ನಿಂತುಕೊಂಡು ಕುಡಿದದ್ದು, ಹನ್ನೊಂದೂ ಇಪ್ಪತ್ತೈದಕ್ಕೆ ಅಂತಲೂ. ಲಾರಿಗೆ ಲೈಟಿರಲಿಲ್ಲ ಅಂತಲೂ ಬರೆಸ್ತೀನಿ. ನನಗೆ ಮುಂಚೆ ಕಂಡಿತ್ತು ಅನ್ನೋದನ್ನೂ.

ಸಹಿ ಎಡಗೈಲಿ ಮಾಡಿದ್ರೆ ನಡೆಯುತ್ತಾ, ಯಾರಿಗಾದ್ರೂ ಗೊತ್ತಿದ್ಯಾ?